ಪಾರ್ಟ್ನರ್ ಜೊತೆ ನೈಟ್‌ಕ್ಲಬ್ ನಡೆಸುವುದು ಹೇಗೆ, ಅನುಮಾನಕ್ಕೆ ತಲೆ ಕೊಡದೆ

ಕ್ಲಬ್ ಸೋತರೆ ಜಗಳ ಚಿಕ್ಕದು. ಸ್ಪೀಕರ್ ಯಾರಿಗೆ, ಫ್ರಿಜ್ ಯಾರಿಗೆ, ಬಾಕಿ ಬಾಡಿಗೆ ಯಾರ ತಲೆಗೆ ಅಂತ ಒಂದು ವಾರ ಕಿತ್ತಾಡಿ ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ. ಗೆದ್ದಾಗಲೇ ಕಷ್ಟ. ಬಾಗಿಲ ಮುಂದೆ ಸಾಲು ಉದ್ದವಾದಷ್ಟೂ ಒಳಗಿನವರ ಮುಖ ಗಂಟಾಗುತ್ತಾ ಹೋಗುತ್ತದೆ: ಇವನು ನನಗಿಂತ ಜಾಸ್ತಿ ತಗೋತಿದ್ದಾನಾ, ಆ ಡಿಜೆ ಎದುರು ಕ್ಲಬ್ಬಿನವನ ಜೊತೆ ಯಾಕೆ ನಿಂತಿದ್ದ, ಪೇಪರಿನಲ್ಲಿ ಇವನ ಫೋಟೋ ಮಾತ್ರ ಯಾಕೆ ಬಂತು.

ನಾನು ಐದಾರು ವರ್ಷ ಒಂದು ಕ್ಲಬ್ಬಿನ ಗಲ್ಲಾ ಕೋಣೆಯಲ್ಲಿ ಕೂತು ಲೆಕ್ಕ ನೋಡಿದವನು. ಅನುಮಾನ ಅನ್ನುವುದು ಸ್ವಭಾವದ ದೋಷ, ಹೊಟ್ಟೆಕಿಚ್ಚಿನ ದೋಷ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ನಾನು ಕಂಡ ಮಟ್ಟಿಗೆ, ಬಹಳಷ್ಟು ಸಲ ಅದರ ಬುಡದಲ್ಲಿ ಬರೆಯದೇ ಬಿಟ್ಟ ಒಂದು ಕಾಗದ ಇರುತ್ತದೆ, ಇಲ್ಲಾ ಎಣಿಸದೇ ಬಿಟ್ಟ ಒಂದು ರಾತ್ರಿ ಇರುತ್ತದೆ. ಸ್ವಭಾವ ರಿಪೇರಿ ಮಾಡುವುದು ನನಗೆ ಗೊತ್ತಿಲ್ಲ. ಕಾಗದ ಬರೆಯುವುದು, ಎಣಿಸುವುದು ಹೇಗೆ ಅಂತ ಹೇಳಬಲ್ಲೆ.

ಮೊದಲು ಒಂದು ಪೇಪರ್ ನ್ಯಾಪ್ಕಿನ್ನಿನ ಕಥೆ

ಸೋಮೆನ್ ಬ್ಯಾನರ್ಜಿ ಮುಂಬೈಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. ಅಲ್ಲಿ ಅವನ ಹೆಸರು ಸ್ಟೀವ್. ಮೊದಲು ಪೆಟ್ರೋಲ್ ಬಂಕ್ ನಡೆಸಿದ. 1975ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಓಡದೇ ಬಿದ್ದಿದ್ದ ಒಂದು ಬಾರ್ ಕೊಂಡುಕೊಂಡ. ಏನೇನೋ ಪ್ರಯತ್ನ ಮಾಡಿ, 1979ರಲ್ಲಿ ಹೆಂಗಸರಿಗಾಗಿ ಗಂಡಸರು ಬಟ್ಟೆ ಬಿಚ್ಚಿ ಕುಣಿಯುವ ಶೋ ಶುರು ಮಾಡಿದ. ಅದೇ ಚಿಪ್ಪೆಂಡೇಲ್ಸ್. ಹೆಸರು ಬಂದದ್ದು ಹಳೆಯ ಕಾಲದ ಒಂದು ಪೀಠೋಪಕರಣ ಶೈಲಿಯಿಂದ, ನಗು ಬರುತ್ತೆ ಅಲ್ವಾ. ಶೋಗೆ ಮೆರುಗು ಕೊಟ್ಟವನು ನಿಕ್ ಡಿ ನೋಯಾ. ಮಕ್ಕಳ ಟಿವಿ ಕಾರ್ಯಕ್ರಮಕ್ಕೆ ಎಮ್ಮಿ ಪ್ರಶಸ್ತಿ ಗೆದ್ದಿದ್ದ ಮನುಷ್ಯ. ಸುಮ್ನೆ ಕುಣಿಯುತ್ತಿದ್ದ ಹುಡುಗರಿಗೆ ಹಾಡು, ಕಥೆ, ಬೆಳಕು ಎಲ್ಲ ಕೂಡಿಸಿ ನಾಟಕದ ಅಚ್ಚುಕಟ್ಟು ತಂದ, ನ್ಯೂಯಾರ್ಕ್‌ನಲ್ಲೂ ಶೋ ಎಬ್ಬಿಸಿದ.

ಇಬ್ಬರೂ ಒಂದು ದಿನ ಕೂತು, ಊರೂರು ತಿರುಗುವ ಶೋಗಳ ಹಕ್ಕು ಡಿ ನೋಯಾಗೆ ಅಂತ ಒಪ್ಪಂದ ಮಾಡಿಕೊಂಡರು. ಬರೆದದ್ದು ಪೇಪರ್ ನ್ಯಾಪ್ಕಿನ್ ಮೇಲೆ. ಆ ಹಕ್ಕಿಗೆ ಕೊನೆ ಅನ್ನುವುದೇ ಇರಲಿಲ್ಲ. ಆಗ ಬ್ಯಾನರ್ಜಿಗೆ ಅದು ದೊಡ್ಡ ವಿಷಯ ಅನಿಸಲಿಲ್ಲ, ದುಡ್ಡು ಬರುತ್ತಿದ್ದದ್ದು ಕ್ಲಬ್ಬಿನಿಂದ. ಆಮೇಲೆ ತಿರುಗಾಟದ ಶೋ ಚಿನ್ನದ ಮೊಟ್ಟೆ ಇಡತೊಡಗಿತು. ಪತ್ರಿಕೆಗಳು ಡಿ ನೋಯಾನನ್ನೇ ‘ಮಿಸ್ಟರ್ ಚಿಪ್ಪೆಂಡೇಲ್’ ಅಂತ ಕರೆದವು. ಬ್ಯಾನರ್ಜಿ ಒಳಗೊಳಗೇ ಬೆಂದ. 1987ರ ಏಪ್ರಿಲ್ 7ರಂದು ನ್ಯೂಯಾರ್ಕ್‌ನ ಆಫೀಸಿನಲ್ಲೇ ಡಿ ನೋಯಾನನ್ನು ಗುಂಡಿಟ್ಟು ಕೊಂದರು. ಸುಪಾರಿ ಕೊಟ್ಟವನು ಬ್ಯಾನರ್ಜಿ ಅಂತ ಹೊರಗೆ ಬರಲು ವರ್ಷಗಳೇ ಹಿಡಿದವು.

ಕಾಗದ: ಸ್ನೇಹ ಚೆನ್ನಾಗಿದ್ದಾಗಲೇ

ಪಾರ್ಟ್ನರ್‌ಶಿಪ್ ಪತ್ರ ಅಂದರೆ ಜನ ಒಂದೇ ಒಂದು ಸಾಲು ನೋಡುತ್ತಾರೆ, ನನಗೆಷ್ಟು ನಿನಗೆಷ್ಟು. ಐವತ್ತು ಐವತ್ತು ಅಂತ ಬರೆದು ಕೈ ಕುಲುಕಿ ಎದ್ದುಬಿಡುತ್ತಾರೆ. ಆದರೆ ಇವತ್ತಿನ ಲಾಭ ಹಂಚುವುದು ಸುಲಭ. ಜಗಳ ಬರುವುದು ಇನ್ನೂ ಹುಟ್ಟದ ಲಾಭದ ಮೇಲೆ.

ಆದ್ದರಿಂದ ಒಂದು ಸಂಜೆ ಕೂತು, ಕ್ಲಬ್ ಹತ್ತು ಪಟ್ಟು ದೊಡ್ಡದಾದರೆ ಏನೇನು ಮಾರಬಹುದು ಅಂತ ಇಬ್ಬರೂ ಬಾಯಿಗೆ ಬಂದದ್ದೆಲ್ಲ ಹೇಳಿ. ಹೆಸರು, ಎರಡನೇ ಊರಿನಲ್ಲಿ ಇನ್ನೊಂದು ಕ್ಲಬ್, ತಿರುಗಾಟದ ಶೋ, ಟೀ ಶರ್ಟು, ಕ್ಯಾಲೆಂಡರು, ವಿಡಿಯೋ, ಹೆಸರು ಬಾಡಿಗೆಗೆ ಕೊಡುವುದು. ನಗು ಬರುವಂಥದ್ದನ್ನೂ ಬರೆಯಿರಿ. ಪ್ರತಿಯೊಂದರ ಎದುರು ಮೂರು ವಿಷಯ ಇರಲಿ: ಯಾರದು, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿ. ಈ ಮೂರರಲ್ಲಿ ಜನ ಮರೆಯುವುದು ವರ್ಷ. ಮೂರು ವರ್ಷ ಅಂತ ಬರೆದಿದ್ದರೆ ಮೂರನೇ ವರ್ಷ ಮತ್ತೆ ಮೇಜಿಗೆ ಬಂದು ಮಾತಾಡಬಹುದು. ವರ್ಷವೇ ಇಲ್ಲದ ಹಕ್ಕನ್ನು ಕೊಟ್ಟವನಿಗೆ ಮುಂದೆ ಬರೀ ಕೊರಗು.

ಇಬ್ಬರಿಗೂ ಬೇರೆ ಬೇರೆ ವಕೀಲರು ಇರಲಿ. ಒಬ್ಬರೇ ಸಾಕು, ನಮ್ಮಿಬ್ಬರ ಸ್ನೇಹಿತರೇ ಅಲ್ವಾ ಅಂತ ಉಳಿಸಿದ ಫೀಸು, ಮುಂದೆ ‘ಅವನ ವಕೀಲ ನನಗೆ ಮೋಸ ಮಾಡಿದ’ ಅನ್ನುವ ಮಾತಾಗಿ ವಾಪಸ್ ಬರುತ್ತದೆ.

ಹೆಸರು, ಐಡಿಯಾ, ವೇಷ ಇವು ಬೇರೆ ಬೇರೆ ಅಂತಲೂ ತಿಳಿದಿರಿ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು. ‘ಹೆಂಗಸರಿಗೆ ಗಂಡಸರ ಡ್ಯಾನ್ಸ್’ ಅನ್ನುವ ಐಡಿಯಾ ಯಾರ ಅಪ್ಪನದೂ ಅಲ್ಲ. ವೇಷ ನಡುವೆ ಸಿಕ್ಕಿಕೊಳ್ಳುತ್ತದೆ. ಚಿಪ್ಪೆಂಡೇಲ್ಸ್ ಹುಡುಗರು ಬರೀ ಮೈಗೆ ಬಿಳಿ ಕಾಲರ್, ಕೈಗೆ ಬಿಳಿ ಕಫ್ ಹಾಕುತ್ತಿದ್ದರು, ಪ್ರಪಂಚಕ್ಕೆಲ್ಲ ಗೊತ್ತಿದ್ದ ಗುರುತು. ಆದರೂ 2010ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ಆ ವೇಷ ಹುಟ್ಟಿನಿಂದಲೇ ವಿಶಿಷ್ಟ ಅಂತ ಒಪ್ಪಲಿಲ್ಲ. ಪ್ಲೇಬಾಯ್ ಕ್ಲಬ್ಬಿನಲ್ಲಿ ‘ಬನ್ನಿ’ ಅಂತ ಕರೆಯುತ್ತಿದ್ದ ಪರಿಚಾರಕಿಯರು ಅದಕ್ಕೂ ಮುಂಚೆಯೇ ಕಾಲರ್, ಕಫ್ ಹಾಕಿದ್ದರು ಅನ್ನುವುದು ಒಂದು ಕಾರಣ. ಜನರ ಮನಸ್ಸಿನಲ್ಲಿ ವರ್ಷಗಟ್ಟಲೆ ನಿಂತದ್ದರಿಂದ ಬಂದ ರಕ್ಷಣೆಯನ್ನೇ ಚಿಪ್ಪೆಂಡೇಲ್ಸ್‌ನವರು ನೆಚ್ಚಬೇಕಾಯಿತು. ನಮ್ಮದನ್ನು ಕದ್ದರು ಅಂತ ನಿದ್ದೆ ಬಿಡುವ ಮೊದಲು, ಅದು ನಿಜಕ್ಕೂ ನಿಮ್ಮದಾ ಅಂತ ವಕೀಲರನ್ನು ಕೇಳಿ. ಎಷ್ಟೋ ಸಿಟ್ಟು ಅಲ್ಲೇ ಇಳಿಯುತ್ತದೆ.

ಎಣಿಕೆ: ಅದೇ ರಾತ್ರಿ, ಇಬ್ಬರ ಎದುರು

ರಾತ್ರಿ ಮೂರು ಗಂಟೆ. ಕೊನೆಯ ಹಾಡು ಮುಗಿದು ಟ್ಯೂಬ್‌ಲೈಟ್ ಹಾಕಿದಾಗ ನೆಲ ಅಂಟುಅಂಟು, ಕಿವಿಯಲ್ಲಿ ಇನ್ನೂ ಗುಂಯ್. ಮೇಜಿನ ಮೇಲೆ ಒದ್ದೆ ನೋಟುಗಳ ಗುಡ್ಡೆ. ಎಲ್ಲರಿಗೂ ಮನೆಗೆ ಹೋಗುವ ಆತುರ. ‘ನಾಳೆ ಎಣಿಸೋಣ ಬಿಡಿ’ ಅನ್ನುವ ಮಾತು ಬರುವುದು ಇಲ್ಲೇ. ನಾಳೆ ಎಣಿಸಿದ ದುಡ್ಡು ಯಾವತ್ತೂ ಸರಿ ಬರಲ್ಲ. ಬಂದರೂ ಯಾರೂ ನಂಬಲ್ಲ.

ಮೂರು ಅಂಕಿ ಬೇಕು, ಮೂರೂ ಬೇರೆ ಬೇರೆ ಕೈಯಿಂದ. ಬಾಗಿಲಲ್ಲಿ ಕ್ಲಿಕ್ಕರ್ (ಒತ್ತಿದಾಗೆಲ್ಲ ಒಂದೊಂದು ಎಣಿಸುವ ಪುಟ್ಟ ಯಂತ್ರ) ಹಿಡಿದವನ ತಲೆ ಎಣಿಕೆ. ಟಿಕೆಟ್ ಪುಸ್ತಕದ ಮೊದಲ ನಂಬರು ಮತ್ತು ಕೊನೆಯ ನಂಬರು. ಗಲ್ಲಾದ ದುಡ್ಡು. ತಲೆ ಎಣಿಕೆಯಿಂದ ಗೆಸ್ಟ್ ಲಿಸ್ಟಿನಲ್ಲಿ ಪುಕ್ಕಟೆ ಬಂದವರನ್ನು ಕಳೆಯಿರಿ. ಬಾರಿಗೆ ಬೇರೆ ಲೆಕ್ಕ: ತೆರೆದ ಬಾಟಲಿಗಳನ್ನು ಸಂಜೆಯೂ ರಾತ್ರಿಯೂ ತೂಕ ಹಾಕಿದರೆ ಎಷ್ಟು ಪೆಗ್ ಹೋಯಿತು ಅಂತ ಗೊತ್ತಾಗುತ್ತದೆ, ಬಿಲ್ಲಿನ ಜೊತೆ ತಾಳೆ ನೋಡಿ. ಎಣಿಸುವಾಗ ಇಬ್ಬರು ಇರಲೇಬೇಕು, ಅವರಿಬ್ಬರೂ ಒಂದೇ ಪಾರ್ಟ್ನರ್ ಕಡೆಯವರಾಗಿರಬಾರದು. ಹಾಳೆಗೆ ಇಬ್ಬರ ಸಹಿ. ಒಂದು ಫೋಟೋ ತೆಗೆದು ಆಗಲೇ ಎಲ್ಲ ಪಾರ್ಟ್ನರ್‌ಗಳ ಫೋನಿಗೆ. ಊರಲ್ಲಿ ಇಲ್ಲದ ಪಾರ್ಟ್ನರ್‌ಗೆ ಆ ಫೋಟೋ ತಪ್ಪಿದ ರಾತ್ರಿ ಏನೇನು ಕಲ್ಪನೆ ಬರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಒಮ್ಮೆ ಶುಕ್ರವಾರಗಳಲ್ಲಿ ಮಾತ್ರ ಕ್ಲಿಕ್ಕರ್ ಅಂಕಿ ಟಿಕೆಟ್‌ಗಿಂತ ಜಾಸ್ತಿ ಬರುತ್ತಿತ್ತು. ಒಂದು ವಾರ 412 ತಲೆ, ಟಿಕೆಟ್ ಮತ್ತು ಗೆಸ್ಟ್ ಸೇರಿ 371. ಅಂದರೆ 41 ಜನರ ದುಡ್ಡು ಎಲ್ಲೋ ಹೋಗಿದೆ. ನನ್ನ ಕಣ್ಣು ಬಾಗಿಲ ಹುಡುಗನ ಮೇಲೆ ಬಿತ್ತು. ಕೈಗೆ ದುಡ್ಡು ತಗೊಂಡು ಒಳಗೆ ಬಿಡ್ತಿದ್ದಾನೆ ಅಂತ ತೀರ್ಮಾನ ಮಾಡಿದೆ. ಆಮೇಲೆ ನೋಡಿ, ಅವನು ಮಾಡಿದ್ದೆಲ್ಲ ಸಾಕ್ಷಿಯಾಗಿ ಕಾಣತೊಡಗಿತು. ಹೊಸ ಬೂಟು ಹಾಕಿಕೊಂಡು ಬಂದ, ಆಹಾ ದುಡ್ಡೆಲ್ಲಿಂದ ಬಂತು. ನನ್ನ ನೋಡಿ ಮಾತು ನಿಲ್ಲಿಸಿದ, ಇನ್ನೇನು ಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅಂತ ಗಾದೆ ಇದೆಯಲ್ಲ, ನಾನು ಅವನ ಹೆಗಲನ್ನೇ ದಿಟ್ಟಿಸುತ್ತಾ ಕೂತಿದ್ದೆ. ಪಾರ್ಟ್ನರ್‌ಗಳಿಬ್ಬರ ಕಿವಿಗೂ ಹಾಕಿದೆ.

ಮುಂದಿನ ಶುಕ್ರವಾರ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಹನ್ನೊಂದೂವರೆ ಹೊತ್ತಿಗೆ ಒಂದು ಗುಂಪು ಸಿಗರೇಟ್ ಸೇದಲು ಹೊರಗೆ ಹೋಯಿತು. ಹತ್ತು ನಿಮಿಷಕ್ಕೆ ವಾಪಸ್ ಬಂದರು. ಹುಡುಗ ನಿಯತ್ತಾಗಿ, ಒಬ್ಬೊಬ್ಬರಿಗೂ ಟಿಕ್, ಟಿಕ್, ಟಿಕ್. ಅಷ್ಟೇ ವಿಷಯ. ಶುಕ್ರವಾರ ಬರುತ್ತಿದ್ದವರಲ್ಲಿ ಸೇದುವವರು ಜಾಸ್ತಿ. ಕೈಗೆ ಮುದ್ರೆ ಹೊಡೆದು, ಮುದ್ರೆ ಇದ್ದವರನ್ನು ಎಣಿಸಬೇಡ ಅಂದ ಮೇಲೆ ಅಂಕಿ ಸರಿಹೋಯಿತು. ಹುಡುಗ ಸರಿಹೋಗಲಿಲ್ಲ. ನಾನು ಅವನ ಬಗ್ಗೆ ಏನು ಹೇಳಿದ್ದೆ ಅಂತ ಅವನಿಗೆ ತಲುಪಿತ್ತು, ಎರಡು ತಿಂಗಳಲ್ಲಿ ಎದುರಿನ ಕ್ಲಬ್ಬಿಗೆ ಹೋದ.

ಅದಕ್ಕೇ ಈಗ ನನ್ನ ಪದ್ಧತಿ ಇದು: ಯಾರ ಮೇಲಾದರೂ ಅನುಮಾನ ಬಂದರೆ ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಕಣ್ಣಾರೆ ಕಂಡದ್ದು, ಬಲಕ್ಕೆ ನಾನು ಊಹಿಸಿದ್ದು. ಬೂಟು ಎಡಕ್ಕೆ ಬರುತ್ತದೆ, ‘ದುಡ್ಡೆಲ್ಲಿಂದ ಬಂತು’ ಬಲಕ್ಕೆ. ಎಡಗಡೆ ಎರಡೇ ಸಾಲಿದ್ದು ಬಲಗಡೆ ಹಾಳೆ ತುಂಬಿದ್ದರೆ ಯಾರಿಗೂ ಏನೂ ಹೇಳಬೇಡಿ, ಮೊದಲು ಸ್ಟೂಲ್ ಹಾಕಿಕೊಂಡು ಕೂತು ನೋಡಿ. ರಾತ್ರಿ ಮೂರಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬೇಡಿ, ಮೆಸೇಜಂತೂ ಕಳಿಸಲೇಬೇಡಿ. ಇನ್ನೊಂದು ಮಾತು, ‘ನಿಮಗೊಂದು ವಿಷಯ ಹೇಳ್ಬೇಕಿತ್ತು ಸರ್, ನನ್ನ ಹೆಸರು ಬರೋದು ಬೇಡ’ ಅಂತ ಶುರು ಮಾಡುವ ನೌಕರ ಪ್ರತಿ ಕ್ಲಬ್ಬಿನಲ್ಲೂ ಒಬ್ಬ ಇರುತ್ತಾನೆ. ಅವನು ಇದೇ ಮಾತನ್ನು ನಿಮ್ಮ ಪಾರ್ಟ್ನರ್ ಹತ್ತಿರವೂ ಹೇಳಿರುತ್ತಾನೆ, ಹೆಸರು ಮಾತ್ರ ನಿಮ್ಮದು.

ಎರಡು ಲೆಕ್ಕ ಇಟ್ಟವನಿಗೆ ನಿದ್ದೆ ಇಲ್ಲ

ಲೆಕ್ಕವನ್ನೇ ಬಚ್ಚಿಟ್ಟರೆ ಈ ಉಪಾಯ ಯಾವುದೂ ನಡೆಯಲ್ಲ. ನ್ಯೂಯಾರ್ಕ್‌ನ ಸ್ಟುಡಿಯೋ 54 ಶುರುವಾದದ್ದು 1977ರ ಏಪ್ರಿಲ್‌ನಲ್ಲಿ. ಮಾಲೀಕರು ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್. ಇವರಿಬ್ಬರ ನಡುವೆ ಜಗಳ ಇರಲಿಲ್ಲ, ಕಾಲೇಜಿನ ಗೆಳೆಯರು, ಕೊನೆವರೆಗೂ ಗೆಳೆಯರಾಗೇ ಇದ್ದರು. ಆದರೆ ಗಲ್ಲಾದಿಂದ ದಿನವೂ ನಗದು ಎತ್ತಿ, ತೆರಿಗೆಗೆ ತೋರಿಸದೆ, ಕಸದ ಚೀಲದಲ್ಲಿ ತುಂಬಿ ಕಟ್ಟಡದಲ್ಲೇ ಅಡಗಿಸಿದ್ದರು. ಅದರ ಮೇಲೆ ರುಬೆಲ್, ನಮಗಿಂತ ಜಾಸ್ತಿ ಲಾಭ ಮಾಡುವುದು ಮಾಫಿಯಾ ಮಾತ್ರ ಅಂತ ಪತ್ರಿಕೆಯವರ ಹತ್ತಿರ ಜಂಬ ಕೊಚ್ಚಿದ. 1978ರ ಡಿಸೆಂಬರ್‌ನಲ್ಲಿ ತೆರಿಗೆ ಅಧಿಕಾರಿಗಳು ಬಾಗಿಲು ತಟ್ಟಿದರು. ಸುಳಿವು ಕೊಟ್ಟಿದ್ದವನು ಹಿಂದೆ ಅಲ್ಲೇ ಕೆಲಸ ಮಾಡಿದ್ದವನು. 1980ರಲ್ಲಿ ಇಬ್ಬರೂ ಜೈಲಿಗೆ ಹೋದರು.

ಕದ್ದ ಲೆಕ್ಕ ಇಟ್ಟುಕೊಂಡರೆ ಗ್ಲಾಸು ತೊಳೆಯುವವನಿಗೂ ಹೆದರಬೇಕು. ಅಂಥ ಕಡೆ ಮಾಲೀಕನಿಗೆ ಅನುಮಾನ ಬಂದರೆ ಅದು ರೋಗವಲ್ಲ, ನ್ಯಾಯವಾದ ಭಯವೇ!

ಹೆಸರಿನ ಹೊಟ್ಟೆಕಿಚ್ಚು

ದುಡ್ಡಿನ ಜಗಳಕ್ಕೆ ಹಾಳೆ ಇದೆ, ಇದಕ್ಕೆ ಏನು ಮಾಡೋಣ ಅಂತ ನಾನು ಬಹಳ ಯೋಚಿಸಿದ್ದೇನೆ. ಕ್ಲಬ್ಬಿನಲ್ಲಿ ಸಾಮಾನ್ಯವಾಗಿ ಒಬ್ಬ ಹಿಂದೆ ಕೂತು ಬಾಡಿಗೆ, ಲೈಸೆನ್ಸ್, ಸಂಬಳ ನೋಡುತ್ತಾನೆ, ಇನ್ನೊಬ್ಬ ಮುಂದೆ ನಿಂತು ಜನರ ಹೆಗಲ ಮೇಲೆ ಕೈ ಹಾಕುತ್ತಾನೆ. ಜನಕ್ಕೆ ಎರಡನೆಯವನೇ ಮಾಲೀಕ. ಮೊದಲನೆಯವನು ತನ್ನದೇ ಕ್ಲಬ್ಬಿನ ಬಾಗಿಲಲ್ಲಿ ‘ನೀವ್ಯಾರು’ ಅಂತ ಕೇಳಿಸಿಕೊಂಡಿರುತ್ತಾನೆ. ಹೊಸ ಬೌನ್ಸರ್ ಕೇಳಿದ ಆ ಒಂದು ಪ್ರಶ್ನೆಯನ್ನು ಹತ್ತು ವರ್ಷ ಮರೆಯದವರನ್ನು ನೋಡಿದ್ದೇನೆ. ಬ್ಯಾನರ್ಜಿ ಹಿಂದಿನವನು, ಡಿ ನೋಯಾ ಮುಂದಿನವನು.

ಇದಕ್ಕೂ ಸ್ವಲ್ಪ ಕಾಗದ ಕೆಲಸ ಮಾಡುತ್ತದೆ. ಪತ್ರಿಕೆ, ಟಿವಿ, ವಿಡಿಯೋ ಮುಂದೆ ಯಾರು ಮಾತಾಡಬೇಕು ಅಂತ ಬರೆದಿಡಿ. ಸ್ಥಾಪಕರು ಯಾರು ಅನ್ನುವ ಒಂದು ವಾಕ್ಯವನ್ನು ಇಬ್ಬರೂ ಒಪ್ಪಿ, ಎಲ್ಲ ಕಡೆ ಅದನ್ನೇ ಕೊಡಿ, ಒಂದು ಅಕ್ಷರ ಆಚೀಚೆ ಬೇಡ. ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನವೇ ಎಲ್ಲ ಪಾರ್ಟ್ನರ್‌ಗಳ ಮುಖ ಪರಿಚಯ ಮಾಡಿಸಿ. ಚಿಕ್ಕ ವಿಷಯ ಅನಿಸುತ್ತೆ. ಮುಂದೆ ನಿಲ್ಲುವವನಿಗೆ ನನ್ನದೊಂದು ಕೋರಿಕೆ ಇದೆ: ಹೊಗಳಿಕೆ ಬಂದಾಗ ಹಿಂದಿನವನ ಹೆಸರು ಹೇಳಿ, ಅವನು ಅಲ್ಲಿ ಇಲ್ಲದಿದ್ದರೂ. ಇಲ್ಲದಾಗ ಹೇಳಿದ್ದೇ ಅವನಿಗೆ ಹೆಚ್ಚು ಮುಟ್ಟುವುದು.

ಎದುರಿನ ಕ್ಲಬ್ ಮತ್ತು ಬಿಟ್ಟು ಹೋದ ಹುಡುಗರು

ನಿಮ್ಮ ಶೋ ಓಡಿದರೆ ನಕಲು ಬಂದೇ ಬರುತ್ತದೆ. ನಿಮ್ಮ ಡ್ಯಾನ್ಸರ್, ನಿಮ್ಮ ಡಿಜೆ, ನಿಮ್ಮ ಬಾರ್ ಹುಡುಗ ಅಲ್ಲಿಗೆ ಹೋಗುತ್ತಾರೆ. ಪ್ರತಿಸ್ಪರ್ಧಿಗೆ ಕೆಲಸ ಮಾಡಬಾರದು ಅಂತ ಒಪ್ಪಂದದಲ್ಲಿ ಬರೆಸಿದರೆ ಆಯಿತು ಅಂದುಕೊಳ್ಳಬೇಡಿ, ಕ್ಯಾಲಿಫೋರ್ನಿಯಾದಂಥ ಕಡೆ ಅಂಥ ಷರತ್ತಿಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಬೆಲೆ ಇರುವುದು ನೋಟಿಸ್ ಅವಧಿಗೆ, ಸರಿಯಾದ ದಿನಕ್ಕೆ ಕೊಟ್ಟ ಸಂಬಳಕ್ಕೆ, ಟಿಪ್ಸ್ ಹಂಚಿಕೆ ಎಲ್ಲರಿಗೂ ಕಾಣುವ ಹಾಗೆ ಇರುವುದಕ್ಕೆ. ಹೋದವರು ಏನು ಕೊಂಡುಹೋಗಬಾರದು ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಬರೆಸಿ: ಗ್ರಾಹಕರ ಪಟ್ಟಿ, ವೇಷ, ರೆಕಾರ್ಡಿಂಗ್, ಹೆಸರು.

ಚಿಪ್ಪೆಂಡೇಲ್ಸ್ ಬಿಟ್ಟ ಕೆಲವರು ಅಡೋನಿಸ್ ಅನ್ನುವ ಶೋ ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದರು. ಮಾರುಕಟ್ಟೆ ಇಬ್ಬರಿಗೂ ಸಾಕಾಗುವಷ್ಟಿತ್ತು. ಬ್ಯಾನರ್ಜಿ 1991ರಲ್ಲಿ ಅವರನ್ನು ಸೈನೈಡ್ ಕೊಟ್ಟು ಕೊಲ್ಲಿಸಲು ಜನ ಕಳಿಸಿದ. ಹೋದವನು ಹಿಂಜರಿದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹತ್ತಿರ ಎಲ್ಲ ಹೇಳಿಬಿಟ್ಟ, ಹಳೆಯ ಕೊಲೆಯ ಎಳೆಯೂ ಅಲ್ಲಿಂದಲೇ ಬಿಚ್ಚಿಕೊಂಡಿತು. ಇದಕ್ಕೂ ಮುಂಚೆ ಎದುರಾಳಿಗಳ ಕ್ಲಬ್ಬಿಗೆ ಬೆಂಕಿ ಇಡಿಸುವ ಪ್ರಯತ್ನವನ್ನೂ ಮಾಡಿಸಿದ್ದ.

ನೀವು ಬೆಂಕಿ ಇಡಿಸಲ್ಲ, ಗೊತ್ತು. ಆದರೆ ಅದರ ತಮ್ಮ ಒಬ್ಬನಿದ್ದಾನೆ, ಸುಳ್ಳು ದೂರು. ಎದುರಿನವನ ಮೇಲೆ ದೂರು ಬರೆದರೆ ತಪಾಸಣೆಗೆ ಬಂದ ಅಧಿಕಾರಿ ಹಾಗೇ ರಸ್ತೆ ದಾಟಿ ನಿಮ್ಮ ಕಡೆಗೂ ಬರುತ್ತಾನೆ, ಅವತ್ತು ನಿಮ್ಮ ಹಿಂಬಾಗಿಲ ಮುಂದೆ ಬಿಯರ್ ಕ್ರೇಟ್ ಇದ್ದರೆ ಮುಗೀತು. ಬದಲಿಗೆ ನಿಮ್ಮ ಕಡೆ ದೂರು ಕೊಡಲು ಏನೂ ಸಿಗದ ಹಾಗೆ ಮಾಡಿ. ಒಳಗೆ ಎಷ್ಟು ಜನ ಅನ್ನುವ ಮಿತಿ ಮುಟ್ಟಿದರೆ ಮಂತ್ರಿ ಮಗ ಬಂದರೂ ಬಾಗಿಲು ಹಾಕಿ. ಇದು ಬರೀ ಪೈಪೋಟಿಯ ಮಾತಲ್ಲ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ಕ್ಲಬ್ಬಿನಲ್ಲಿ ವೇದಿಕೆಯ ಪಟಾಕಿಯಿಂದ ಹತ್ತಿದ ಬೆಂಕಿಗೆ 100 ಜನ ಸತ್ತರು, ಎಷ್ಟೋ ಜನ ಒಂದೇ ಬಾಗಿಲ ಹತ್ತಿರ ಸಿಕ್ಕಿಬಿದ್ದು.

ಬಾಗಿಲು ಯಾರ ಕೈಯಲ್ಲಿದೆ ಅನ್ನುವುದರ ಬಗ್ಗೆ ಒಂದೇ ಮಾತು. ಬೌನ್ಸರ್‌ಗಳನ್ನು ಪ್ರಮೋಟರ್, ಅಂದರೆ ಪಾರ್ಟಿ ಏರ್ಪಡಿಸಿ ಜನ ತರುವವನು, ತಂದುಕೊಡಲು ಬಿಡಬೇಡಿ, ಒಬ್ಬ ಪಾರ್ಟ್ನರ್‌ನ ನೆಂಟರೂ ಬೇಡ. ಮ್ಯಾಂಚೆಸ್ಟರ್‌ನ ಹಸಿಯೆಂಡಾ ಕ್ಲಬ್ 1982ರಿಂದ 1997ರವರೆಗೆ ಇತ್ತು, ಜಗತ್ತಿಗೆಲ್ಲ ಹೆಸರು. ಗ್ಯಾಂಗುಗಳ ಹಾವಳಿ ತಡೆಯಲಾಗದೆ 1991ರಲ್ಲಿ ಕೆಲವು ತಿಂಗಳು ಬಾಗಿಲು ಮುಚ್ಚಬೇಕಾಯಿತು.

ಬೇರೆಯಾಗುವ ದಾರಿ

ಇಷ್ಟೆಲ್ಲ ಮಾಡಿದ ಮೇಲೂ ಮನಸ್ಸು ಮುರಿಯಬಹುದು. ಅದಕ್ಕೆ ಮೊದಲ ದಿನದ ಪತ್ರದಲ್ಲೇ ಒಂದು ಕಲಂ ಇರಲಿ. ಒಬ್ಬ ಬೆಲೆ ಹೇಳುತ್ತಾನೆ. ಇನ್ನೊಬ್ಬ ಅದೇ ಬೆಲೆಗೆ ತನ್ನ ಪಾಲು ಮಾರುವುದೋ, ಅವನ ಪಾಲು ಕೊಳ್ಳುವುದೋ ಆರಿಸುತ್ತಾನೆ. ಯಾವ ಕಡೆ ಬೀಳುತ್ತದೋ ಗೊತ್ತಿಲ್ಲದ್ದರಿಂದ ಬೆಲೆ ಹೇಳುವವನು ಮೋಸದ ಬೆಲೆ ಹೇಳಲ್ಲ. ಒಂದು ತೊಂದರೆ ಇದೆ, ಕೈಯಲ್ಲಿ ದುಡ್ಡಿರುವವನಿಗೆ ಇದು ಅನುಕೂಲ. ಅದಕ್ಕೇ ಉತ್ತರ ಕೊಡಲು, ಸಾಲ ಹುಡುಕಲು 90 ದಿನ ಕೊಡಿ, ದುಡ್ಡನ್ನು ಕಂತಿನಲ್ಲಿ ಕೊಡುವ ಅವಕಾಶವೂ ಇರಲಿ. ಆ 90 ದಿನ ಎಣಿಕೆ ಹಾಳೆಗೆ ಸಹಿ ಹಾಕಲು ಹೊರಗಿನ ಒಬ್ಬ ಅಕೌಂಟೆಂಟ್ ಕೂರಬೇಕು, ಇಬ್ಬರ ಕಡೆಯವರೂ ಬೇಡ. ಬೆದರಿಕೆ ಅನ್ನುವಂಥ ಮಾತು ಒಂದೇ ಒಂದು ಬಂದರೂ ಮಾತುಕತೆ ನಿಲ್ಲಿಸಿ, ನೇರ ಪೊಲೀಸ್ ಮತ್ತು ವಕೀಲರು. ‘ಸಿಟ್ಟಲ್ಲಿ ಅಂದ ಬಿಡಿ’ ಅನ್ನುವವರ ಮಾತು ಕೇಳಬೇಡಿ.

ಡಿ ನೋಯಾ ಸತ್ತ ಮೇಲೆ ಬ್ಯಾನರ್ಜಿ ತಿರುಗಾಟದ ಹಕ್ಕನ್ನು ಅವನ ಕುಟುಂಬದಿಂದ ದುಡ್ಡು ಕೊಟ್ಟೇ ಕೊಂಡುಕೊಂಡ. ಅವನನ್ನು ಹಿಡಿದದ್ದು 1993ರಲ್ಲಿ. ಮರುವರ್ಷ ತಪ್ಪೊಪ್ಪಿಕೊಂಡ, ಶಿಕ್ಷೆ ಓದುವುದಕ್ಕೆ ಕೆಲವೇ ಗಂಟೆ ಮುಂಚೆ, 1994ರ ಅಕ್ಟೋಬರ್ 24ರಂದು, ಜೈಲಿನಲ್ಲೇ ನೇಣು ಹಾಕಿಕೊಂಡ. ಚಿಪ್ಪೆಂಡೇಲ್ಸ್ ಶೋ ಬೇರೆಯವರ ಕೈಗೆ ಹೋಗಿ ಮುಂದುವರಿಯಿತು.